ಪ್ರತಿ ಸಲ ಒಂದೇ ಸುಳ್ಳು ಹೇಳುವ ವಾಲ್ವ್: ಮೂರು ಬೂಸ್ಟ್ ಕಂಟ್ರೋಲರ್ ಬಳಸಿದವನ ಅನುಭವ

ನನ್ನ ಕೆಲಸವೇ ಗಾಳಿಯ ಜೊತೆ. ಕಾರ್ಖಾನೆಯಲ್ಲಿ ಕಂಪ್ರೆಸರ್, ರೆಗ್ಯುಲೇಟರ್, ವಾಲ್ವ್‌ಗಳನ್ನು ನೋಡಿಕೊಳ್ಳುವವನು ನಾನು. ಎಲ್ಲಾದರೂ ಪೈಪಿನಿಂದ ಸುಯ್ ಅಂತ ಸದ್ದು ಬಂದರೆ ಸಾಕು, ಕೈ ತಾನಾಗಿ ಸೋಪು ನೀರಿನ ಬಾಟಲಿಗೆ ಹೋಗುತ್ತದೆ. ಇಷ್ಟಿದ್ದೂ ನನ್ನ ಸ್ವಂತ ಕಾರಿಗೆ ಮ್ಯಾನ್ಯುಯಲ್ ಬೂಸ್ಟ್ ಕಂಟ್ರೋಲರ್ (ಟರ್ಬೊ ಇಂಜಿನ್‌ಗೆ ತಳ್ಳುವ ಗಾಳಿಯ ಪ್ರೆಶರನ್ನು, ಅಂದರೆ ಬೂಸ್ಟನ್ನು, ಕೈಯಿಂದ ಹೊಂದಿಸುವ ವಾಲ್ವ್) ಆರಿಸುವಾಗ ಎರಡು ಸಲ ಎಡವಿದೆ. ಮೂರನೆಯದು ಸರಿಯಾಗಿ ಕೂತು ಈಗ ಎರಡು ವರ್ಷ ಆಯಿತು. ಮೂರರ ಬಗ್ಗೆಯೂ ಬರೆಯುತ್ತಿದ್ದೇನೆ, ಏಕೆಂದರೆ ಮೊದಲೆರಡು ಯಾಕೆ ಸೋತವು ಎಂದು ಗೊತ್ತಾಗದೆ ಮೂರನೆಯದು ಯಾಕೆ ಒಳ್ಳೆಯದು ಎಂದು ಹೇಳಲು ಬರುವುದಿಲ್ಲ.

ಕಾರು ಎರಡು ಲೀಟರ್ ಪೆಟ್ರೋಲ್ ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗುವ ಚಕ್ರವೊಂದು ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳುತ್ತದೆ. ಸ್ವಲ್ಪ ಹಳೆಯದು. ಬೂಸ್ಟ್ ನಿಯಂತ್ರಣಕ್ಕೆ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಇಲ್ಲ, ಟರ್ಬೊದಿಂದ ವೇಸ್ಟ್‌ಗೇಟ್ ಆಕ್ಚುಯೇಟರ್‌ಗೆ ನೇರ ಒಂದು ಸಣ್ಣ ಪೈಪ್, ಅಷ್ಟೇ. ಕಂಪನಿ ಕೊಟ್ಟ ಬೂಸ್ಟ್ ನನ್ನ ಮೀಟರಿನಲ್ಲಿ 0.5 ಬಾರ್, ಅಂದರೆ ಸುಮಾರು 7 ಪಿಎಸ್ಐ. ನನಗೆ ಬೇಕಿದ್ದದ್ದು 0.7 ಅಥವಾ 0.75. ರೇಸ್ ಓಡಿಸುವವನಲ್ಲ ನಾನು. ಏರು ರಸ್ತೆಯಲ್ಲಿ ಲಾರಿ ದಾಟುವಾಗ ಇನ್ನೊಂದು ಚೂರು ಪಿಕಪ್ ಸಿಕ್ಕರೆ ಸಾಕಿತ್ತು.

ಈ ಸಾಧನ ಏನು ಮಾಡುತ್ತದೆ ಎಂಬುದನ್ನು ಮೊದಲು ಸರಿ ಮಾಡಿಕೊಳ್ಳೋಣ. ಇದು ಶಕ್ತಿ ಕೊಡುವುದಿಲ್ಲ. ಸುಳ್ಳು ಹೇಳುತ್ತದೆ. ಟರ್ಬೊ ತಳ್ಳುವ ಗಾಳಿಯ ಪ್ರೆಶರ್ ಆ ಸಣ್ಣ ಪೈಪಿನಲ್ಲಿ ಆಕ್ಚುಯೇಟರ್ ಡಬ್ಬಿಗೆ ಹೋಗುತ್ತದೆ. ಡಬ್ಬಿಯೊಳಗೆ ಒಂದು ರಬ್ಬರ್ ಡಯಾಫ್ರಮ್, ಅದರ ಹಿಂದೆ ಸ್ಪ್ರಿಂಗ್. ಪ್ರೆಶರ್ ಸ್ಪ್ರಿಂಗನ್ನು ಗೆದ್ದಾಗ ಸರಳು ಹೊರಗೆ ಬರುತ್ತದೆ, ವೇಸ್ಟ್‌ಗೇಟ್ ಬಾಗಿಲು ತೆರೆಯುತ್ತದೆ, ಹೊಗೆಯ ಒಂದು ಪಾಲು ಟರ್ಬೊದ ಚಕ್ರವನ್ನು ಮುಟ್ಟದೆ ಪಕ್ಕದಿಂದ ಹೋಗುತ್ತದೆ. ಬೂಸ್ಟ್ ಅಲ್ಲಿಗೆ ನಿಲ್ಲುತ್ತದೆ. ಕಂಟ್ರೋಲರ್ ಈ ಪೈಪಿನ ಮಧ್ಯೆ ಕೂತು, ನಿಜವಾಗಿ 0.7 ಇರುವಾಗ ಆಕ್ಚುಯೇಟರ್‌ಗೆ ‘ಇನ್ನೂ 0.5 ಕೂಡ ಆಗಿಲ್ಲ’ ಅನ್ನುತ್ತದೆ. ಹಾಗಾಗಿ ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಈ ಸುಳ್ಳುಗಾರ ಬೆಳಿಗ್ಗೆ, ಮಧ್ಯಾಹ್ನ, ಆರು ತಿಂಗಳ ನಂತರವೂ ಅದೇ ಸುಳ್ಳನ್ನು ಹೇಳುತ್ತಾನಾ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಕ್ಚುಯೇಟರ್ ಸ್ಪ್ರಿಂಗ್‌ಗಿಂತ ಕಡಿಮೆ ಬೂಸ್ಟ್ ಇದರಿಂದ ಸಾಧ್ಯವಿಲ್ಲ. ಏರಿಸಬಹುದು, ಇಳಿಸಲು ಆಗುವುದಿಲ್ಲ.

ಮೊದಲು ಕೊಂಡದ್ದು ಬ್ಲೀಡ್ ಮಾದರಿ. ನೋಡಲು ಚೆಂದ. ನೀಲಿ ಬಣ್ಣದ ಅಲ್ಯೂಮಿನಿಯಂ, ಮೇಲೆ ದೊಡ್ಡ ತಿರುಗುಗುಂಡಿ. ಒಳಗೆ ಒಂದು ಸೂಜಿ ವಾಲ್ವ್, ಬೇರೇನಿಲ್ಲ. ಆಕ್ಚುಯೇಟರ್‌ಗೆ ಹೋಗುವ ಗಾಳಿಯಲ್ಲಿ ಸ್ವಲ್ಪವನ್ನು ಹೊರಗೆ ಸೋರಿಸುತ್ತದೆ. ಸೋರಿದಷ್ಟು ಆಕ್ಚುಯೇಟರ್‌ಗೆ ಕಡಿಮೆ ಪ್ರೆಶರ್, ಇಂಜಿನ್‌ಗೆ ಜಾಸ್ತಿ ಬೂಸ್ಟ್.

ಇದರ ತೊಂದರೆ ನನಗೆ ಎರಡು ವಾರಕ್ಕೆ ಗೊತ್ತಾಯಿತು. ಗಾಳಿ ಸೋರುತ್ತಿದ್ದರೂ ಆಕ್ಚುಯೇಟರ್‌ಗೆ ಮೊದಲಿನಿಂದಲೇ ಒಂದಿಷ್ಟು ಪ್ರೆಶರ್ ಹೋಗುತ್ತಲೇ ಇರುತ್ತದೆ. ಹಾಗಾಗಿ ವೇಸ್ಟ್‌ಗೇಟ್ ಬಾಗಿಲು ಗುರಿ ಮುಟ್ಟುವ ಎಷ್ಟೋ ಮೊದಲೇ ಚೂರು ಚೂರು ತೆರೆಯತೊಡಗುತ್ತದೆ. ಟರ್ಬೊಗೆ ಬರಬೇಕಾದ ಹೊಗೆ ಆಗಲೇ ಪಕ್ಕದಿಂದ ಜಾರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಏರಿತು, ಆದರೆ ಕೆಳಗೆ ಕಾರು ಮೊದಲಿನಷ್ಟೇ ಸೋಮಾರಿ. ನನಗೆ ಬೇಕಿದ್ದದ್ದೇ ಕೆಳಗೆ ಅಲ್ವಾ!

ಅದಕ್ಕಿಂತ ಕೆಟ್ಟದ್ದು, ಗುಂಡಿಗೆ ಲಾಕ್ ನಟ್ ಇರಲಿಲ್ಲ. ಇಂಜಿನ್ ನಡುಕಕ್ಕೆ ಅದು ತಾನೇ ತಿರುಗುತ್ತಿತ್ತು. ಸೋಮವಾರ 0.7, ಶುಕ್ರವಾರ 0.8. ನಾನು ಮುಟ್ಟಿಯೇ ಇರಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಲಾಕ್ ಇಲ್ಲದ ಸೂಜಿ ವಾಲ್ವ್ ಹಾಕಿದರೆ ನಾನೇ ಬಯ್ಯುತ್ತೇನೆ. ಮನೆಯಲ್ಲಿ ನೀಲಿ ಬಣ್ಣ ನೋಡಿ ಮರುಳಾದೆ. ಬ್ಲೀಡ್ ಮಾದರಿ ಎಲ್ಲವೂ ಕೆಟ್ಟದ್ದು ಅನ್ನುತ್ತಿಲ್ಲ. ಲಾಕ್ ಇದ್ದು, ನಿಧಾನವಾಗಿ ಏರುವ ಬೂಸ್ಟೇ ಬೇಕು ಅನ್ನುವವರಿಗೆ ನಡೆಯುತ್ತದೆ. ನನಗೆ ನಡೆಯಲಿಲ್ಲ.

ಎರಡನೆಯದು ಗುಂಡು ಮತ್ತು ಸ್ಪ್ರಿಂಗ್ ಮಾದರಿ. ಇದನ್ನು ಬಾಲ್ ಆಂಡ್ ಸ್ಪ್ರಿಂಗ್ ಅನ್ನುತ್ತಾರೆ, ಪೆಟ್ಟಿಗೆಯ ಮೇಲೆ ಕೆಲವರು ಗೇಟೆಡ್ ಎಂದು ಬರೆಯುತ್ತಾರೆ. ಹಳಬರ ಬಾಯಲ್ಲಿ ಗ್ರೇಂಜರ್ ವಾಲ್ವ್. ನೋಡಿದ ಕೂಡಲೇ ನನಗೆ ನಗು ಬಂತು, ಯಾಕೆಂದರೆ ಇದು ನಾವು ಕೆಲಸದಲ್ಲಿ ದಿನಾ ನೋಡುವ ಸಣ್ಣ ರಿಲೀಫ್ ವಾಲ್ವೇ. ಒಳಗೆ ಒಂದು ಗುಂಡನ್ನು ಸ್ಪ್ರಿಂಗ್ ಅದು ಕೂರುವ ಜಾಗಕ್ಕೆ ಒತ್ತಿ ಹಿಡಿದಿರುತ್ತದೆ. ಟರ್ಬೊದ ಪ್ರೆಶರ್ ಆ ಸ್ಪ್ರಿಂಗನ್ನು ಗೆಲ್ಲುವ ತನಕ ಆಕ್ಚುಯೇಟರ್‌ಗೆ ಏನೂ ಹೋಗುವುದಿಲ್ಲ. ಅಲ್ಲಿಯ ತನಕ ವೇಸ್ಟ್‌ಗೇಟ್ ಗಟ್ಟಿಯಾಗಿ ಮುಚ್ಚಿಯೇ ಇರುತ್ತದೆ, ಎಲ್ಲ ಹೊಗೆಯೂ ಟರ್ಬೊಗೇ. ಅದಕ್ಕೇ ಬೂಸ್ಟ್ ಬೇಗ ಏರುತ್ತದೆ. ಸ್ಕ್ರೂ ಬಿಗಿದಷ್ಟೂ ಸ್ಪ್ರಿಂಗ್ ಗಟ್ಟಿ, ಬೂಸ್ಟ್ ಜಾಸ್ತಿ.

ಇಲ್ಲೊಂದು ಎಚ್ಚರಿಕೆ. ಬ್ಲೀಡ್ ಮಾದರಿಯಲ್ಲಿ ಸಾಮಾನ್ಯವಾಗಿ ಸಡಿಲಿಸಿದಷ್ಟೂ ಬೂಸ್ಟ್ ಏರುತ್ತದೆ, ಗುಂಡಿನ ಮಾದರಿಯಲ್ಲಿ ಬಿಗಿದಷ್ಟೂ ಏರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದವರು ಹಳೆಯ ಅಭ್ಯಾಸದಲ್ಲಿ ತಿರುಗಿಸಿದರೆ ಕಥೆ ಮುಗಿಯಿತು.

ಆ ಎರಡನೆಯದನ್ನು ಮಾರಿದವರ ಹೆಸರು ಬೇಡ. ಜೊತೆಗೆ ಬಂದ ಚೀಟಿಯಲ್ಲಿ ‘ಸ್ಕ್ರೂ ಮಧ್ಯದಲ್ಲಿಟ್ಟು ಶುರು ಮಾಡಿ’ ಎಂದಿತ್ತು. ನಾನು ಹಾಗೇ ಮಾಡಿದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಮೀಟರ್ ಮುಳ್ಳು 0.9 ದಾಟಿದ್ದು ಕಂಡಿತು, ಮರುಕ್ಷಣ ಯಾರೋ ಎದುರಿಗೆ ಗೋಡೆ ಇಟ್ಟ ಹಾಗೆ ಕಾರು ಮುಗ್ಗರಿಸಿತು. ಇಂಜಿನ್ ಬೆಲ್ಟ್ ಹರಿಯಿತು ಎಂದೇ ನಾನು ಅಂದುಕೊಂಡೆ. ಅದು ಫ್ಯುಯಲ್ ಕಟ್. ಬೂಸ್ಟ್ ಮಿತಿ ಮೀರಿದಾಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸಿ ಇಂಜಿನ್ ಉಳಿಸುತ್ತದೆ. ಆ ಹೊತ್ತಿಗೆ ಬೆವರು ಕಿತ್ತರೂ ಆಮೇಲೆ ಆ ಕಾರು ಮಾಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಈ ಕಾವಲು ಇಲ್ಲದ ಕಾರುಗಳೂ ಇವೆ.

ಸ್ಕ್ರೂವನ್ನು ಪೂರ್ತಿ ಸಡಿಲಿಸಿ ಮತ್ತೆ ಶುರು ಮಾಡಿದೆ. ಈಗ ಇನ್ನೊಂದು ವಿಚಿತ್ರ. ಮೊದಲ ಸಲ ಒತ್ತಿದಾಗ ಬೂಸ್ಟ್ ಚೆನ್ನಾಗಿ ಬರುತ್ತದೆ. ಕಾಲು ತೆಗೆದು ಹತ್ತು ಸೆಕೆಂಡಿನಲ್ಲಿ ಮತ್ತೆ ಒತ್ತಿದರೆ ಕಾರಿಗೆ ಜೀವವೇ ಇಲ್ಲ. ಅರ್ಧ ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಸರಿ. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಒಂದು ಓಟ ಮುಗಿಸಿ ತಕ್ಷಣ ಬಾನೆಟ್ ತೆಗೆದು, ಇಂಜಿನ್ ನಿಂತ ಮೇಲೆ ಆಕ್ಚುಯೇಟರ್ ತುದಿಯ ಪೈಪ್ ಎಳೆದೆ. ಫುಸ್ ಅಂತ ಗಾಳಿ ಬಂತು! ಪ್ರೆಶರ್ ಒಳಗೇ ಸಿಕ್ಕಿಕೊಂಡಿತ್ತು.

ಕಾರಣ ತುಂಬ ಸರಳ. ಗುಂಡು ಒಂದೇ ದಾರಿಯ ಬಾಗಿಲು. ಪ್ರೆಶರ್ ಒಳಗೆ ಹೋಗುತ್ತದೆ, ವಾಪಸ್ ಬರಲು ದಾರಿಯಿಲ್ಲ. ಹಾಗಾಗಿ ಆಕ್ಚುಯೇಟರ್ ಕಡೆ ಸೂಜಿ ಮೊನೆಯಷ್ಟು ಒಂದು ಸೋರುವ ತೂತು ಇರಲೇಬೇಕು. ಕಾಲು ತೆಗೆದ ಕೂಡಲೇ ಅಲ್ಲಿಂದ ಗಾಳಿ ಹೊರಟು ವೇಸ್ಟ್‌ಗೇಟ್ ಮುಚ್ಚಿಕೊಳ್ಳುತ್ತದೆ. ನನ್ನ ವಾಲ್ವಿನಲ್ಲಿ ಆ ತೂತೇ ಇರಲಿಲ್ಲ. ತೂತಿನ ಅಳತೆಯೂ ಮುಖ್ಯ. ತೀರಾ ಸಣ್ಣದಾದರೆ ಬೇಗ ಖಾಲಿ ಆಗುವುದಿಲ್ಲ, ಧೂಳಿಗೆ ಮುಚ್ಚಿಹೋಗುತ್ತದೆ. ದೊಡ್ಡದಾದರೆ ಗುಂಡು ತೆರೆದ ಮೇಲೂ ಗಾಳಿ ಅಲ್ಲೇ ಸೋರಿ, ಅದು ಮತ್ತೆ ಬ್ಲೀಡ್ ಮಾದರಿಯೇ ಆಗಿಬಿಡುತ್ತದೆ, ಬೂಸ್ಟ್ ಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ. ನಾನೇ ಕೊರೆಯಬಹುದಿತ್ತು. ಆದರೆ ಬಿಚ್ಚಿ ನೋಡಿದರೆ ಗುಂಡು ಕೂರುವ ಜಾಗದಲ್ಲಿ ಹಿತ್ತಾಳೆಯ ಚೂರು, ಗೀರು. ಎತ್ತಿಟ್ಟೆ.

ಮೂರನೆಯದೂ ಗುಂಡಿನ ಮಾದರಿಯೇ. ಟರ್ಬೊಸ್ಮಾರ್ಟ್‌ನ ಬೂಸ್ಟ್ ಟೀ, ಹಾಲ್‌ಮನ್ ಇವೆಲ್ಲ ಇದೇ ಜಾತಿಯವು. ನಾನು ಕೊಂಡದ್ದರ ಹೆಸರು ಹೇಳಿ ಪ್ರಚಾರ ಮಾಡುವ ಮನಸ್ಸಿಲ್ಲ. ಹೆಸರಿಗಿಂತ ಒಳಗೆ ಏನಿದೆ ಎಂಬುದೇ ಇಲ್ಲಿ ಕೆಲಸಕ್ಕೆ ಬರುವುದು. ಈ ಸಲ ಕೊಳ್ಳುವ ಮೊದಲು ಮಾರುವವರಿಗೆ ಮೂರು ಪ್ರಶ್ನೆ ಕೇಳಿದೆ. ಸೋರುವ ತೂತು ಎಲ್ಲಿದೆ? ಸ್ಕ್ರೂ ತಾನೇ ತಿರುಗದಂತೆ ಏನಿದೆ? ಬಿಚ್ಚಿ ತೊಳೆಯಬಹುದಾ? ಮೂರಕ್ಕೂ ನೇರ ಉತ್ತರ ಸಿಕ್ಕಿತು. ತಿರುಗಿಸಿದಾಗ ಕಟ್ ಕಟ್ ಅಂತ ಕ್ಲಿಕ್ ಸಿಗುತ್ತದೆ, ಎಷ್ಟು ತಿರುಗಿಸಿದೆ ಎಂದು ಬೆರಳಿಗೇ ಗೊತ್ತಾಗುತ್ತದೆ. ಮೇಲೆ ಒಂದು ಲಾಕ್ ನಟ್. ಗುಂಡು ಕೂರುವ ಜಾಗ ಕನ್ನಡಿಯಂತೆ ನುಣುಪು.

ಕಾರಿಗೆ ಹಾಕುವ ಮೊದಲು ಒಂದು ದಿನ ಕೆಲಸಕ್ಕೆ ಒಯ್ದೆ. ರೆಗ್ಯುಲೇಟರ್‌ಗೆ ಸಿಕ್ಕಿಸಿ ನಿಧಾನವಾಗಿ ಪ್ರೆಶರ್ ಏರಿಸಿ, ಯಾವಾಗ ತೆರೆಯುತ್ತದೆ ನೋಡಿದೆ. ಇಪ್ಪತ್ತು ಸಲ ಮಾಡಿದೆ. ಮುಳ್ಳು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ ನಿಂತಿತು. ಅಲ್ಲೇ ನನಗೆ ಅರ್ಧ ನೆಮ್ಮದಿ. ರೆಗ್ಯುಲೇಟರ್ ಇಲ್ಲದವರು ಕನಿಷ್ಠ ಬಾಯಿಂದ ಊದಿ ನೋಡಿ. ಟರ್ಬೊ ಕಡೆಯ ತುದಿಯಿಂದ ಊದಿದರೆ ಗಾಳಿ ಹೋಗಬಾರದು. ಹೋದರೆ ಗುಂಡು ಸರಿಯಾಗಿ ಕೂತಿಲ್ಲ.

ಕಾರಿನ ಆಕ್ಚುಯೇಟರನ್ನೂ ಪರೀಕ್ಷಿಸಿದೆ, ಮೀಟರ್ ಇರುವ ಕೈಪಂಪಿನಿಂದ. ಪ್ರೆಶರ್ ಕೊಟ್ಟು ಹಿಡಿದರೆ ಸರಳು ಹೊರಗೆ ಬಂದು ಅಲ್ಲೇ ನಿಲ್ಲಬೇಕು. ನಿಧಾನವಾಗಿ ವಾಪಸ್ ಹೋದರೆ ಡಯಾಫ್ರಮ್ ಹರಿದಿದೆ ಎಂದರ್ಥ. ಹರಿದ ಡಯಾಫ್ರಮ್ ಮುಂದೆ ಎಂಥ ಕಂಟ್ರೋಲರ್ ಹಾಕಿದರೂ ದಂಡ.

ಜೋಡಿಸುವುದು ಅರ್ಧ ಗಂಟೆಯ ಕೆಲಸ. ಇಂಜಿನ್ ತಣ್ಣಗಿರಲಿ, ಟರ್ಬೊ ಪಕ್ಕ ಕೈ ಹಾಕುತ್ತೀರಿ. ಹಳೆಯ ಪೈಪನ್ನು ಕತ್ತರಿಸಬೇಡಿ. ಎರಡೂ ತುದಿ ಬಿಡಿಸಿ, ಹಾಗೇ ಸುತ್ತಿ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿಡಿ. ದಾರಿಯಲ್ಲಿ ಏನಾದರೂ ಆದರೆ ಐದು ನಿಮಿಷದಲ್ಲಿ ಮೂಲ ಸ್ಥಿತಿಗೆ ಬರಬಹುದು. ಹೊಸದಕ್ಕೆ 4 ಮಿ.ಮೀ ಒಳ ಅಳತೆಯ ದಪ್ಪ ಗೋಡೆಯ ಸಿಲಿಕಾನ್ ಪೈಪ್ ಬಳಸಿದೆ, ನನ್ನ ನಿಪ್ಪಲ್‌ಗಳಿಗೆ ಅದು ಸರಿ. ತೆಳು ಪೈಪ್ ಪ್ರೆಶರ್‌ಗೆ ಉಬ್ಬುತ್ತದೆ, ಬಾಗಿದಲ್ಲಿ ಮಡಚಿಕೊಳ್ಳುತ್ತದೆ.

ಟರ್ಬೊದ ಕಂಪ್ರೆಸರ್ ಗೂಡಿನ ನಿಪ್ಪಲ್‌ನಿಂದ ಕಂಟ್ರೋಲರ್‌ನ ಒಳಮುಖಕ್ಕೆ, ಅದರ ಹೊರಮುಖದಿಂದ ಆಕ್ಚುಯೇಟರ್‌ಗೆ. ಬಾಣದ ಗುರುತು ಮೂರು ಸಲ ನೋಡಿ. ತಿರುಗುಮುರುಗಾಗಿ ಹಾಕಿದರೆ ಗುಂಡು ದಾರಿ ಕಟ್ಟುತ್ತದೆ, ಆಕ್ಚುಯೇಟರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ. ಪೈಪ್ ಕಳಚಿದರೂ ಅದೇ ಗತಿ. ಹಾಗಾಗಿ ನಾಲ್ಕು ತುದಿಗೂ ಕ್ಲಿಪ್ ಹಾಕಿದೆ. ಕ್ಲಿಪ್ ಸಿಗದಿದ್ದರೆ ಪ್ಲಾಸ್ಟಿಕ್ ಟೈ ಆದರೂ ಸರಿ, ಸುಮ್ನೆ ತೂರಿಸಿ ಬಿಡಬೇಡಿ.

ಎಲ್ಲಿ ಕೂರಿಸಬೇಕು ಎಂಬುದಕ್ಕೆ ನನಗೂ ತಮ್ಮನಿಗೂ ಜಗಳವೇ ಆಯಿತು. ಅವನಿಗೆ ಸ್ಟಿಯರಿಂಗ್ ಪಕ್ಕ ಗುಂಡಿ ಬೇಕು. ಓಡಿಸುತ್ತಾ ತಿರುಗಿಸಬಹುದಂತೆ. ಒಳಗಿನ ತನಕ ಪೈಪ್ ಎಳೆದರೆ ಎರಡು ಮೂರು ಮೀಟರ್ ಆಗುತ್ತದೆ. ಅಷ್ಟು ಉದ್ದ ತುಂಬಿ ಆಕ್ಚುಯೇಟರ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಬೂಸ್ಟ್ ಗುರಿ ದಾಟಿ ಜಿಗಿದಿರುತ್ತದೆ. ಇದನ್ನೇ ಸ್ಪೈಕ್ ಅನ್ನುವುದು. ಅಲ್ಲದೆ ಕೈಗೆ ಸಿಗುವ ಗುಂಡಿಯನ್ನು ಮನುಷ್ಯ ತಿರುಗಿಸದೆ ಬಿಡುವುದಿಲ್ಲ, ನನ್ನನ್ನೂ ಸೇರಿಸಿ. ಬಾನೆಟ್ ಒಳಗೆ, ಎಕ್ಸಾಸ್ಟ್ ಬಿಸಿಯಿಂದ ದೂರ, ಆದಷ್ಟು ಆಕ್ಚುಯೇಟರ್ ಹತ್ತಿರ ಕಟ್ಟಿದೆ. ಎರಡೂ ಪೈಪ್ ಸೇರಿ ಒಂದು ಗೇಣಿಗಿಂತ ಸ್ವಲ್ಪ ಉದ್ದ.

ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬೂಸ್ಟ್ ಮೀಟರ್ ಪೈಪ್ ಥ್ರಾಟಲ್ ದಾಟಿದ ಮೇಲಿನ ಮ್ಯಾನಿಫೋಲ್ಡ್‌ನಿಂದ ಬರಬೇಕು. ಆದರೆ ಕಂಟ್ರೋಲರ್‌ಗೆ ಅಲ್ಲಿಂದ ತೆಗೆಯಬೇಡಿ, ಅಲ್ಲಿ ಕಾಲು ತೆಗೆದಾಗ ವ್ಯಾಕ್ಯೂಮ್ ಇರುತ್ತದೆ. ಫೋನಿನ ಆಪ್ ಸಾಕಲ್ವಾ ಅನ್ನುವವರಿಗೆ ಒಂದು ಕಥೆ. ಮೊದಲ ಓಟದಲ್ಲಿ ತಮ್ಮ ಪಕ್ಕದಲ್ಲಿ ಕೂತು ಫೋನ್ ನೋಡುತ್ತಿದ್ದ. ಇದ್ದಕ್ಕಿದ್ದ ಹಾಗೆ, “ಅಣ್ಣಾ, ಒಂದೂವರೆ ಬಾರ್! ಬಿಡು, ಬಿಡು!” ಎಂದು ಕೂಗಿದ. ಎದೆ ಧಸಕ್ ಅಂತು. ನೋಡಿದರೆ ಆಪ್ ತೋರಿಸುತ್ತಿದ್ದದ್ದು 150 ಕಿಲೋಪಾಸ್ಕಲ್, ಅದರಲ್ಲಿ ಸುತ್ತಲಿನ ಗಾಳಿಯ 100 ಸೇರಿದೆ. ನಿಜವಾದ ಬೂಸ್ಟ್ ಅರ್ಧ ಬಾರ್. ಸ್ಕ್ರೂ ಪೂರ್ತಿ ಸಡಿಲ ಇದ್ದಾಗ ಎಷ್ಟು ಬರಬೇಕೋ ಅಷ್ಟೇ ಬಂದಿತ್ತು.

ಸೆಟ್ ಮಾಡಿದ ರೀತಿ ಹೀಗೆ. ಸ್ಕ್ರೂ ಪೂರ್ತಿ ಸಡಿಲ. ಇಂಜಿನ್ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ 2,500 ಆರ್‌ಪಿಎಂನಿಂದ ಒಂದು ಸಲ ಪೂರ್ತಿ ಒತ್ತುವುದು. ಮುಳ್ಳು ನೋಡುವುದು ಪಕ್ಕದವನ ಕೆಲಸ, ರಸ್ತೆ ನೋಡುವುದು ನನ್ನ ಕೆಲಸ. ನಿಲ್ಲಿಸಿ ಎರಡು ಕ್ಲಿಕ್. ಮತ್ತೆ ಒಂದು ಓಟ. 0.65 ಬಂದ ಮೇಲೆ ಒಂದೊಂದೇ ಕ್ಲಿಕ್. ಎರಡನೇ ಗೇರಿನಲ್ಲಿ ಸೆಟ್ ಮಾಡಿದರೆ ಮೋಸ ಹೋಗುತ್ತೀರಿ. ಮೇಲಿನ ಗೇರಿನಲ್ಲಿ ಇಂಜಿನ್ ಮೇಲೆ ಭಾರ ಜಾಸ್ತಿ, ಬೂಸ್ಟೂ ಜಾಸ್ತಿ. ನನ್ನ ಕಾರಿನಲ್ಲಿ ಎರಡನೇ ಗೇರಿಗೆ 0.68, ನಾಲ್ಕನೆಯದಕ್ಕೆ 0.74. ತಣ್ಣನೆ ಬೆಳಗಿನಲ್ಲಿ ಇನ್ನೊಂದು ಚೂರು ಮೇಲೆ. ಹಾಗಾಗಿ ಫ್ಯುಯಲ್ ಕಟ್‌ಗೆ ಸಾಕಷ್ಟು ದೂರದಲ್ಲೇ ನಿಲ್ಲಿಸಿದೆ, ಲಾಕ್ ನಟ್ ಬಿಗಿದೆ, ಮೇಲೆ ಬಿಳಿ ಪೇಂಟಿನ ಗೆರೆ ಎಳೆದೆ.

ಸ್ಕ್ರೂ ಪೂರ್ತಿ ಸಡಿಲ ಇದ್ದರೂ ಆರ್‌ಪಿಎಂ ಏರಿದಂತೆ ಬೂಸ್ಟ್ ತಾನೇ ಏರುತ್ತಿದ್ದರೆ ಕಂಟ್ರೋಲರನ್ನು ಬಯ್ಯಬೇಡಿ. ಅದು ಕ್ರೀಪ್. ವೇಸ್ಟ್‌ಗೇಟ್ ದಾರಿ ಅಷ್ಟು ಹೊಗೆಗೆ ಸಾಲುತ್ತಿಲ್ಲ. ಅದನ್ನು ಯಾವ ವಾಲ್ವೂ ಸರಿ ಮಾಡದು.

ಫಲಿತಾಂಶ? ಮೊದಲು 0.5 ಬಾರ್ ಮುಟ್ಟಲು 3,100 ಆರ್‌ಪಿಎಂ ಬೇಕಿತ್ತು. ಈಗ 2,800ಕ್ಕೇ ಬರುತ್ತದೆ, ನನ್ನ ಮೀಟರಿನ ಲೆಕ್ಕ ಇದು. ಓಡಿಸುವವನಿಗೆ ಆ 300 ಆರ್‌ಪಿಎಂ ದೊಡ್ಡದು. ಏರಿನಲ್ಲಿ ಗೇರ್ ಇಳಿಸುವುದು ಕಡಿಮೆಯಾಗಿದೆ. ಒತ್ತಿದ ಕ್ಷಣ ಮುಳ್ಳು ಗುರಿಗಿಂತ ಒಂದು ಕೂದಲು ಮೇಲೆ ಹೋಗಿ ಇಳಿಯುತ್ತದೆ, ಗುಂಡಿನ ಮಾದರಿಯಲ್ಲಿ ಇದು ಮಾಮೂಲು.

ಆದರೆ ಹೆಚ್ಚಿದ ಗಾಳಿಗೆ ತಕ್ಕ ಪೆಟ್ರೋಲ್ ಬೇಕು, ಅದನ್ನು ಈ ವಾಲ್ವ್ ಕೊಡುವುದಿಲ್ಲ. ನಾನು ಎಕ್ಸಾಸ್ಟ್‌ಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿ ಗಾಳಿ-ಪೆಟ್ರೋಲ್ ಮಿಶ್ರಣ ಪರೀಕ್ಷಿಸಿದೆ. ನಾಕ್ (ಮಿಶ್ರಣ ಇಂಜಿನ್ ಒಳಗೆ ತಾನಾಗಿ ಸಿಡಿಯುವುದು) ಆಗುತ್ತಿದೆಯಾ ಎಂದು ನೋಡಿಸಿದೆ. ಹೆಚ್ಚು ಆಕ್ಟೇನ್ ಪೆಟ್ರೋಲ್ ಬಿಟ್ಟು ಬೇರೆ ಹಾಕುತ್ತಿಲ್ಲ. ಮೇಲಿನ ಆರ್‌ಪಿಎಂನಲ್ಲಿ ಒಂದು ಸಣ್ಣ ಮಿಸ್‌ಫೈರ್ ಬರುತ್ತಿತ್ತು. ಸ್ಪಾರ್ಕ್ ಪ್ಲಗ್ ಗ್ಯಾಪ್ 0.7 ಮಿ.ಮೀಗೆ ಇಳಿಸಿದ ಮೇಲೆ ಹೋಯಿತು. ಪ್ರೆಶರ್ ಹೆಚ್ಚಿದಾಗ ಕಿಡಿ ಹಾರುವುದು ಕಷ್ಟ, ಅದಕ್ಕೆ. ಇಂಜಿನ್ ಬಿಸಿ, ಪೆಟ್ರೋಲ್ ಗುಣ, ಗೇರ್ ಯಾವುದು, ಇದಾವುದೂ ಈ ವಾಲ್ವಿಗೆ ತಿಳಿಯದು. ಅದೆಲ್ಲ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಕಂಟ್ರೋಲರ್‌ಗಳಿವೆ. ವೈರಿಂಗ್, ಸೆನ್ಸರ್, ಸೊಲೆನಾಯ್ಡ್ ಎಲ್ಲ ಬೇಕು. 0.2 ಬಾರ್‌ಗಾಗಿ ಅಷ್ಟು ತಾಪತ್ರಯ ನನಗೆ ಬೇಡವಾಯಿತು.

ಎರಡು ವರ್ಷದಲ್ಲಿ ಕೊಟ್ಟ ತೊಂದರೆ ಒಂದೇ. ಒಂದು ದಿನ ಕಾಲು ತೆಗೆದು ಮತ್ತೆ ಒತ್ತಿದಾಗ ಹಳೆಯ ಮಂಕು ವಾಪಸ್ ಬಂತು. ಈ ಸಲ ತಲೆ ಕೆರೆದುಕೊಳ್ಳಲಿಲ್ಲ. ಟರ್ಬೊ ಗಾಳಿಯಲ್ಲಿ ಎಣ್ಣೆಯ ಮಂಜು ಇರುತ್ತದೆ, ಧೂಳಿನ ಜೊತೆ ಸೇರಿ ಸೋರುವ ತೂತಿಗೆ ಕೆಸರಾಗಿತ್ತು. ಓ-ರಿಂಗ್ ತೆಗೆದಿಟ್ಟು ಕ್ಲೀನರ್‌ನಲ್ಲಿ ತೊಳೆದೆ. ಈಗ ಪ್ರತಿ ಎರಡನೇ ಆಯಿಲ್ ಬದಲಾವಣೆಗೆ ಇದನ್ನೂ ತೊಳೆಯುತ್ತೇನೆ. ಬಾಣದ ಗುರುತು ಬರೀ ಸ್ಟಿಕ್ಕರ್, ಬಿಸಿಗೆ ಉದುರಿಹೋಯಿತು. ಕೆತ್ತಿಯೇ ಕೊಡಬಹುದಿತ್ತು. ಅದಕ್ಕಾಗಿ ಅಂಕ ಕಳೆದು 5ಕ್ಕೆ ನಾಲ್ಕೂವರೆ.

ಯಾರು ಕೊಳ್ಳಬಾರದು ಎಂದರೆ ಹೊಸ ಕಾರಿನವರು. ಇಸಿಯು ಸೊಲೆನಾಯ್ಡ್‌ನಿಂದ ಬೂಸ್ಟ್ ನಡೆಸುವ ಕಾರಿನಲ್ಲಿ ಇದನ್ನು ತುರುಕಿದರೆ ಇಸಿಯು ಸುಮ್ಮನಿರುವುದಿಲ್ಲ. ತಾನು ಕೇಳಿದ್ದಕ್ಕಿಂತ ಜಾಸ್ತಿ ಬೂಸ್ಟ್ ಕಂಡರೆ ಪಿ0234 ಎಂಬ ದೋಷದ ಕೋಡ್ ಹಾಕುತ್ತದೆ, ಥ್ರಾಟಲ್ ಮುಚ್ಚುತ್ತದೆ, ಲಿಂಪ್ ಮೋಡ್‌ಗೆ ಹೋಗುತ್ತದೆ, ಅಂದರೆ ಶಕ್ತಿ ತಗ್ಗಿಸಿ ಕುಂಟುತ್ತಾ ಓಡಿಸುತ್ತದೆ. ಅಂಥ ಕಾರಿಗೆ ಇಸಿಯು ಟ್ಯೂನೇ ಸರಿಯಾದ ದಾರಿ. ವಿಜಿಟಿ ಇರುವ ಡೀಸೆಲ್‌ಗೂ ಇದು ಆಗದು. ಅಲ್ಲಿ ಬೂಸ್ಟ್ ಹಿಡಿಯುವುದು ಟರ್ಬೊ ಒಳಗಿನ ಅಲುಗುಗಳ ಕೋನ, ಸ್ಪ್ರಿಂಗ್ ಡಬ್ಬಿಯ ವೇಸ್ಟ್‌ಗೇಟ್ ಅಲ್ಲ.

ಇನ್ನು ವೇಸ್ಟ್‌ಗೇಟನ್ನೇ ಎಲೆಕ್ಟ್ರಿಕ್ ಮೋಟಾರ್ ತಿರುಗಿಸುವ ಕಾರುಗಳಿವೆ. ನನ್ನ ಕಾರು ಓಡಿಸಿ ನೋಡಿದ ತಮ್ಮ ಆ ರಾತ್ರಿಯೇ ಇದೇ ಕಂಟ್ರೋಲರ್ ತರಿಸಿಕೊಂಡ. ವಾರದ ಕೊನೆಗೆ ತನ್ನ ಕಾರಿನ ಬಾನೆಟ್ ತೆಗೆದು, ಆಕ್ಚುಯೇಟರ್‌ಗೆ ಹೋಗುವ ಗಾಳಿ ಪೈಪನ್ನು ಅರ್ಧ ದಿನ ಹುಡುಕಿ ನನಗೆ ಫೋನ್ ಮಾಡಿದ. “ಅಣ್ಣಾ, ಇಲ್ಲಿ ಬರೀ ವೈರ್ ಇದೆ” ಅಂದ. ಹೀಗಾಗಿ ನನ್ನ ಬಳಿ ಈಗ ಒಂದು ಸ್ಪೇರ್ ಇದೆ.